ಏಳು ಸಾಲಿನ ಚೀಟಿ

೨೨೧೪ನೇ ಇಸವಿ, ಎರಡನೇ ಬೇಸಿಗೆಯ ಮೂವತ್ತೊಂಬತ್ತನೇ ದಿನ.

ಸಿ ಭಾಷೆಯಲ್ಲಿ ಪ್ರೋಗ್ರಾಂ ಬರೆಯುವ, ಹೆಸರು ಗೊತ್ತಿಲ್ಲದ ಹಿರಿಯರಿಗೆ ಸಂಡೂರು ಕಡೆಯ ಹಳೇ ಗಣಿಯ ಐದನೇ ಅಂತಸ್ತಿನಿಂದ ಪಂಪಾಪತಿಯ ನಮಸ್ಕಾರ. ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಇರಲಿಕ್ಕಿಲ್ಲ; ನಮಗೀಗ ವರ್ಷಕ್ಕೆ ಮೂರು ಬೇಸಿಗೆ. ನನ್ನ ಮಾತು ವಿಚಿತ್ರ ಅನ್ನಿಸಿದರೆ ಹೊಟ್ಟೆಗೆ ಹಾಕಿಕೊಳ್ಳಿ. ಕಾಲೇಜಿನಲ್ಲಿ ಎರಡು ವರ್ಷ ಇಂಗ್ಲಿಷ್ ಓದಿದ್ದೆ, ಅರ್ಧ ಮರೆತೆ. ನನ್ನ ಇಂಗ್ಲಿಷು ಅರೆಬೆಂದ ಅನ್ನ ಎಂದು ಹೆಂಡತಿ ಹುಲಿಗೆಮ್ಮ ಆಡಿಕೊಳ್ಳುತ್ತಿದ್ದಳು. ಆದರೂ ನಿಮ್ಮ ಕಾಲದ ಪ್ರೋಗ್ರಾಂ ಓದಬಲ್ಲವನು ಈ ಗಣಿಯಲ್ಲಿ ನಾನೊಬ್ಬನೇ, ಯಂತ್ರ ನೋಡಿಕೊಳ್ಳುವವನೂ ನಾನೇ. ಹುಲಿಗೆಮ್ಮ ಹೋಗಿ ಇವತ್ತಿಗೆ ಒಂಬತ್ತು ದಿನ.

ಮೇಲಿನ ಬಿಸಿಲು ತಾಳಲಾರದೆ ನಮ್ಮ ಅಜ್ಜಂದಿರು ಇಲ್ಲಿ ಇಳಿದರು. ತಂಪೇನೋ ಇದೆ, ಕೆಂಧೂಳು ಎದೆಯಲ್ಲಿ ಕೂರುತ್ತದೆ. ಅದಕ್ಕೇ ಆರು ದಿನಕ್ಕೊಮ್ಮೆ ಎಲ್ಲರೂ ಉಸಿರುಮನೆಗೆ ಹೋಗಿ ಔಷಧದ ಹಬೆ ಕುಡಿಯಬೇಕು. ಯಾರಿಗೆ ಏನು, ಎಷ್ಟು ಎಂದು ನೀವು ಬರೆದ ಪ್ರೋಗ್ರಾಂನಿಂದಲೇ ಯಂತ್ರ ಲೆಕ್ಕ ಹಾಕಿ ಒಂದು ತಾತ್ಕಾಲಿಕ ಫೈಲಿಗೆ ಬರೆಯುತ್ತದೆ, ಅದು ಚೀಟಿಯಾಗಿ ಹೊರಬರುತ್ತದೆ, ದಾದಿ ಖಾಸಿಂಬಿ ಅದರಂತೆ ಹಬೆ ಬಿಡುತ್ತಾಳೆ. ಹುಲಿಗೆಮ್ಮ ಪಾಚಿಹಿಟ್ಟಿನ ಮಿರ್ಚಿ ಎರಡು ಕಟ್ಟಿಕೊಳ್ಳದೆ ಅವಳ ಹತ್ತಿರ ಹೋದವಳಲ್ಲ. ಅವಳು ತಿಂದು ಉಪ್ಪು ಕಮ್ಮಿ ಅನ್ನುವಳು, ಇವಳು ನಿನ್ನ ನಾಲಿಗೆಗೇ ಹಬೆ ಹಿಡಿಸಬೇಕು ಅನ್ನುವಳು. ಇರಲಿ, ಮಾತು ಎಲ್ಲಿಗೋ ಹೋಯಿತು.

ಹನ್ನೆರಡು ವರ್ಷದ ಹಿಂದೆ ನಮ್ಮಲ್ಲಿ ಒರಸಾಟ ಆಯಿತು. ಯಾರದೋ ಕೈತಪ್ಪಿ ಇಡೀ ಗಣಿಯ ಹುಟ್ಟು, ಸಾವು, ಮದುವೆ, ಕಾಯಿಲೆಯ ದಾಖಲೆ ಅಳಿಸಿಹೋಯಿತು. ಜನ ತಮ್ಮ ಅಪ್ಪನ ಹೆಸರನ್ನು ಸಾಬೀತು ಮಾಡಲಾರದೆ ಅತ್ತರು. ಅಂದಿನಿಂದ ಯಾವುದನ್ನೂ ಅಳಿಸಬಾರದು ಎಂದು ದೈವದವರು, ಅಂದರೆ ನಮ್ಮ ಹಿರಿಯರು, ಕಟ್ಟು ಮಾಡಿದರು. ಕೆಲಸ ಮುಗಿದ ಮೇಲೆ ಆ ತಾತ್ಕಾಲಿಕ ಫೈಲನ್ನು ಅಳಿಸುವ ಸಾಲು ನಿಮ್ಮ ಪ್ರೋಗ್ರಾಂನಲ್ಲಿತ್ತು, ಅದನ್ನು ನಾನೇ ತೆಗೆದುಹಾಕಿದೆ. ಯಂತ್ರ ನಿಂತು ಮತ್ತೆ ಶುರುವಾದಾಗ ಆ ಜಾಗವನ್ನು ಗುಡಿಸುವ ಏರ್ಪಾಡಿತ್ತು, ಅದನ್ನೂ ನಿಲ್ಲಿಸಿದೆ. ಒಳ್ಳೆಯ ಕೆಲಸ ಮಾಡಿದೆ ಅಂತ ನನಗೆ ಹಾರ ಹಾಕಿದರು.

ಆ ಫೈಲಿಗೆ ನೀವು ಇಟ್ಟ ಹೆಸರು 'ಚೀಟಿ', ಮುಂದೆ ಆ ಹೊತ್ತಿನ ಪ್ರೋಗ್ರಾಂಗೆ ಯಂತ್ರ ಕೊಟ್ಟ ಸಂಖ್ಯೆ. ಯಂತ್ರ ಹೊಸದಾಗಿ ಶುರುವಾದರೆ ಆ ಸಂಖ್ಯೆ ಮತ್ತೆ ಮೊದಲಿನಿಂದ. ಹನ್ನೆರಡು ವರ್ಷದಲ್ಲಿ ಒಮ್ಮೆಯೂ ನಿಲ್ಲದ ಯಂತ್ರ ಮೊನ್ನೆ ಇಪ್ಪತ್ತೊಂಬತ್ತರಂದು ನಿಂತು ಶುರುವಾಯಿತು. ಮರುದಿನ ಹುಲಿಗೆಮ್ಮನಿಗೆ ಬಂದದ್ದು ಚೀಟಿ-೪೧೨. ಆ ಹೆಸರಿನ ಫೈಲು ಆಗಲೇ ಇತ್ತು: ಗಾದಿಲಿಂಗಪ್ಪ ಎಂಬ ಭಾರಿ ಆಳಿನದು, ಅವನು ಸತ್ತೇ ಹನ್ನೊಂದು ವರ್ಷವಾಯಿತು. ನಿಮ್ಮ ಪ್ರೋಗ್ರಾಂ ಇದೆಯೋ ಇಲ್ಲವೋ ಕೇಳಲಿಲ್ಲ. ಇದ್ದದ್ದನ್ನೇ ತೆರೆದು ಮೇಲಿನಿಂದ ಇವಳ ನಾಲ್ಕು ಸಾಲು ಬರೆಯಿತು. ಅವನ ಏಳರಲ್ಲಿ ಕೆಳಗಿನ ಮೂರು ಸಾಲು ಹಾಗೇ ಉಳಿದವು; ಎರಡೂ ಸೇರಿದ ಹಬೆ ತಾಳದೆ ಇವಳು ಅಲ್ಲೇ ಹೋದಳು.

ಖಾಸಿಂಬಿಯನ್ನು ಹಿಡಿದರು. ತೀರ್ಪಾಗುವವರೆಗೆ ಹಬೆಯಿಲ್ಲದ ಮೇಲಂತಸ್ತಿನಲ್ಲಿ ಕೂಡಿಹಾಕಿದರು. ತಪ್ಪು ಅವಳದೇ ಎಂದಾದರೆ ಏಣಿ ಹತ್ತಿಸಿ ಬಿಸಿಲಿಗೆ ಬಿಡುವುದು, ಹಾಗೆ ಹೋದವರು ತಿರುಗಿ ಬಂದದ್ದಿಲ್ಲ. ಅವಳು ಒಂದೇ ಮಾತು ಹೇಳುತ್ತಿದ್ದಳಂತೆ: "ಚೀಟಿಯಾಗ ಏಳು ಸಾಲಿದ್ವು, ಏಳೂ ಕೊಟ್ಟೀನಿ."

ನಾನು ಎರಡನೇ ದಿನವೇ ಆ ಫೈಲು ತೆರೆದು ನೋಡಿದ್ದೆ. ನೋಡಿ ಮುಚ್ಚಿಟ್ಟೆ. ತಿಥಿ ಕಳೆಯಲಿ ಅಂದುಕೊಂಡೆ, ನೆಂಟರು ಹೋಗಲಿ ಅಂದುಕೊಂಡೆ. ನಿನ್ನೆ ದೈವದವರ ಮುಂದೆ ನಿಂತು ಎಲ್ಲ ಹೇಳಿದೆ. ಅವಳನ್ನು ಬಿಟ್ಟರು, ತಪ್ಪು ನನ್ನದೆಂದು ತೀರ್ಪಾಯಿತು. ಇಬ್ಬರು ಹಿಡಿದುಕೊಂಡು ಇಳಿಸಿದರು, ಸೆರಗಿನಲ್ಲಿ ಕೆಮ್ಮಿದ ರಕ್ತವಿತ್ತು. ನನ್ನ ಎದುರು ನಿಂತು ಬೈಯಲಿಲ್ಲ.

"ಏಳು ದಿನ ಯಾಕ ಸುಮ್ನಿದ್ದಿ ಅಣ್ಣಾ?" ಅಂದಳು.

ಅವಳ ಎದೆ ಇನ್ನು ಸರಿಹೋಗುವುದಿಲ್ಲವಂತೆ.

ಫೈಲು ತೆರೆಯುವ ಆ ಸಾಲಿನ ಪಕ್ಕ ನೀವೇ ಬರೆದಿದ್ದೀರಿ: 'ಫಿಕ್ಸ್ ಲೇಟರ್'. ನನ್ನ ಅರೆಬೆಂದ ಇಂಗ್ಲಿಷಿಗೂ ಅರ್ಥವಾಯಿತು. ನಿಮ್ಮ ಕೈಪಿಡಿಯಲ್ಲಿ ಎಂಕೆಸ್ಟೆಂಪ್ ಎಂಬ ಕರೆ ಇದೆ. ಯಾರೂ ಊಹಿಸದ ಹೆಸರನ್ನು ಅದೇ ಹುಡುಕುತ್ತದೆ. ಆ ಹೆಸರಿನ ಫೈಲು ಇಲ್ಲದಿದ್ದರೆ ಮಾತ್ರ, ನೋಡುವುದು ಹುಟ್ಟಿಸುವುದು ಎರಡನ್ನೂ ಒಂದೇ ಏಟಿಗೆ ಮಾಡುತ್ತದೆ. ಬೇರೆಯವರು ಮುಟ್ಟದಂತೆ ಇಡುತ್ತದೆ. ಮೊದಲು ಇಣುಕಿ ಆಮೇಲೆ ತೆರೆಯುತ್ತೇನೆ ಅನ್ನಬೇಡಿ, ಆ ನಡುವೆ ಇನ್ನೊಬ್ಬರು ನುಗ್ಗಬಹುದು. ನಿಮಗೆ ಅದು ಒಂದೇ ಸಾಲಿನ ಕೆಲಸ. ಇವತ್ತು ಊಟಕ್ಕೆ ಏಳುವ ಮುಂಚೆ ಬರೆದುಬಿಡಿ.

ಇಲ್ಲಿಯದನ್ನು ನಾನು ತಿದ್ದಿದ್ದೇನೆ. ನಿಮ್ಮ ಕಾಲದ ಇನ್ನೂ ನಲವತ್ತು ಪ್ರೋಗ್ರಾಂ ಇಲ್ಲಿ ಓಡುತ್ತಿವೆ, ಅವನ್ನು ನೋಡಲು ನನಗೆ ವೇಳೆ ಕೊಡಲಿಲ್ಲ. ಏಣಿಯ ಹತ್ತಿರ ಕಾಯುತ್ತಿದ್ದಾರೆ, ಬಿಸಿಲು ಏರಿದೆ. ಬರುತ್ತೇನೆ.

ಪಂಪಾಪತಿ