ಸೀಮೆಸುಣ್ಣದ ಡಬ್ಬಿಯಲ್ಲಿ ಸಿಕ್ಕಿದ ಉಂಗುರದ ಬಗ್ಗೆ

ನಮ್ಮ ಊರಿನ ಶಿಕ್ಷಣ ಸಮಿತಿಯ ಅಧ್ಯಕ್ಷರಿಗೆ,

ಮಾನ್ಯರೇ, ಮದುವೆಯಾದ ಅಪರಾಧಕ್ಕಾಗಿ ನೀವು ಮೂರನೇ ತರಗತಿಯ ಟೀಚರ್ ಡೋರಾ ಹೋಲ್ಡನ್ ಅವರನ್ನು ಕೆಲಸದಿಂದ ತೆಗೆದಿದ್ದೀರಿ. ತೆಗೆದವರು ನೀವು, ಹಿಡಿದುಕೊಟ್ಟವಳು ನಾನು. ಆದ್ದರಿಂದ ಈ ಪತ್ರದಲ್ಲಿ ಬೈಗುಳ ಇಬ್ಬರಿಗೂ ಇದೆ.

ಹತ್ತು ವರ್ಷಗಳಿಂದ ನಾವು ಕೆಲವು ಹೆಂಗಸರು ಸಮಾನತೆಗಾಗಿ, ಈ ಪತ್ರ ಅಚ್ಚಾಗುತ್ತಿರುವ ಈ ವಾರಪತ್ರಿಕೆಯನ್ನು ನಡೆಸುತ್ತಿದ್ದೇವೆ. ಪ್ರತಿ ಸಂಚಿಕೆಯೂ ನಿಮ್ಮ ಕಚೇರಿಗೆ ಬರುತ್ತಿತ್ತು. ಹೆಂಗಸರಿಗೆ ಗಂಡಸರ ಸಮಕ್ಕೆ ಮತದಾನದ ಹಕ್ಕು ಸಿಕ್ಕ ವಾರವೂ ನಿಮ್ಮಿಂದ ಒಂದು ಸಾಲಿನ ಉತ್ತರವಿಲ್ಲ. ಅಧಿಕಾರಿಗಳು ನಮ್ಮನ್ನು ಓದುವುದೇ ಇಲ್ಲ ಎಂದು ಎಷ್ಟು ಸಂಪಾದಕೀಯಗಳಲ್ಲಿ ಗೋಳಾಡಿದ್ದೇನೆ! ಕಳೆದ ತಿಂಗಳು ನೀವು ಓದಿದಿರಿ. ಅದೂ ಎಂಥ ಶ್ರದ್ಧೆಯಿಂದ!

ಮದುವೆಯಾದ ಹೆಂಗಸು ಟೀಚರ್ ಕೆಲಸ ಬಿಡಬೇಕೆಂಬ ನಿಮ್ಮ ನಿಯಮದ ವಿರುದ್ಧ ನಾನು ಬರೆಯುತ್ತಿದ್ದೆ. ಬರೀ ಅಂಕಿಅಂಶ ಒಣಒಣ ಎನಿಸಿತು, ಒಂದು ಜೀವಂತ ಉದಾಹರಣೆ ಬೇಕಿತ್ತು. ಡೋರಾ ನನ್ನ ಹಳೆಯ ವಿದ್ಯಾರ್ಥಿನಿ. ಒಮ್ಮೆ ಚಹಾ ಕುಡಿಯುತ್ತ ನನ್ನೊಬ್ಬಳಿಗೇ ಹೇಳಿದ್ದಳು: ಗುಟ್ಟಾಗಿ ಮದುವೆಯಾಗಿದೆ, ಗಂಡನ ಗಿರಣಿ ಮುಚ್ಚಿದೆ, ಮನೆ ಅವಳ ಸಂಬಳದ ಮೇಲೇ ನಿಂತಿದೆ. ಬೆಳಿಗ್ಗೆ ಶಾಲೆಯ ಗಂಟೆ ಹೊಡೆಯುವ ಮೊದಲು ಉಂಗುರ ತೆಗೆದು ಸೀಮೆಸುಣ್ಣದ ಡಬ್ಬಿಯಲ್ಲಿ ಅಡಗಿಸುತ್ತಾಳೆ.

"ಇದ್ನೆಲ್ಲ ಬರ್ದುಗಿರ್ದು ಹಾಕ್ಬಿಟ್ಟೀರ ಮತ್ತೆ, ಮಿಸ್" ಎಂದು ನಕ್ಕಿದ್ದಳು.

ಬರೆದೆ. ಹೆಸರು ಬಿಟ್ಟೆ, ಶಾಲೆ ಬಿಟ್ಟೆ, ಡಬ್ಬಿ ಬಿಡಲಿಲ್ಲ. ಅಷ್ಟು ಚೆಂದದ ವಿವರವನ್ನು ಬಿಡಲು ನನಗೆ ಮನಸ್ಸು ಬರಲಿಲ್ಲ.

ಅದು ಅಚ್ಚಾದ ಮರು ಸೋಮವಾರವೇ ನಿಮ್ಮ ಗುಮಾಸ್ತ ಊರಿನ ಎಲ್ಲ ಶಾಲೆಗಳಲ್ಲೂ ಸೀಮೆಸುಣ್ಣದ ಡಬ್ಬಿಗಳನ್ನು ತೆರೆಸಿದ. ಶಾಲೆಯ ಸೋರುವ ಛಾವಣಿಯನ್ನು ನೋಡಲು ಒಮ್ಮೆಯೂ ಬಾರದವನು! ಮಾನ್ಯರೇ, ಇದೇ ಊರಿನ ಗಿರಣಿಗಳಲ್ಲಿ ಮೂರು ಮಕ್ಕಳ ತಾಯಂದಿರು ನಾಲ್ಕು ನಾಲ್ಕು ಮಗ್ಗ ನಡೆಸುತ್ತಾರೆ. ಅಲ್ಲಿ ಯಾರ ಕಣ್ಣಿಗೂ ಚುಚ್ಚದ ಉಂಗುರ ಕರಿಹಲಗೆಯ ಮುಂದೆ ಹೇಗೆ ಚುಚ್ಚಿತು? ಮದುವೆಯಾದ ಮೇಷ್ಟರಿಗೆ ಲೆಕ್ಕ ಮರೆತುಹೋಗುವುದಿಲ್ಲ, ಡೋರಾಗೆ ಮಾತ್ರ ಮರೆತುಹೋಗುತ್ತದೆಯೇ?

ಸುದ್ದಿ ತಿಳಿದು ಅವಳ ಮನೆಗೆ ಓಡಿದೆ. ಒಳಗೆ ಕಾಲಿಡುವ ಧೈರ್ಯವಾಗಲಿಲ್ಲ.

"ನಿನ್ ಹೆಸ್ರು ಹಾಕಿರ್ಲಿಲ್ಲ ಕಣೇ" ಎಂದು ಬಾಗಿಲಲ್ಲೇ ತೊದಲಿದೆ.

"ಡಬ್ಬಿ ಹಾಕಿದ್ರಲ್ಲ, ಸಾಕಾಯ್ತು. ನಿಮ್ ಹೆಸ್ರನ್ನಾದ್ರೂ ಹಾಕಿದ್ರಾ ಮಿಸ್?"

ಇಲ್ಲ. ಹತ್ತು ವರ್ಷವೂ ಸುಳ್ಳು ಹೆಸರಿನಲ್ಲೇ ಬರೆದವಳು ನಾನು. ನಿಮ್ಮ ಕೈಕೆಳಗೇ ಪಾಠ ಹೇಳುವವಳು. ನನ್ನ ಕೆಲಸವನ್ನು ಜೋಪಾನ ಮಾಡಿಕೊಂಡು ಅವಳ ಗುಟ್ಟನ್ನು ಚಳವಳಿಗೆ ದಾನ ಮಾಡಿದೆ. ನಾಚಿಕೆಯಿಂದ ತಲೆ ಎತ್ತಲಾಗುತ್ತಿಲ್ಲ.

ಮುಂದಿನ ಸೋಮವಾರದೊಳಗೆ ಡೋರಾಗೆ ಅವಳ ತರಗತಿಯನ್ನು ಮರಳಿ ಕೊಡಿ. ಉಂಗುರ ಬೆರಳಲ್ಲೇ ಇರಲಿ. ಯಾರನ್ನಾದರೂ ಶಿಕ್ಷಿಸಲೇಬೇಕೆಂದಿದ್ದರೆ ವಿಳಾಸ ಕೆಳಗಿದೆ. ಈ ಸಲ ಪತ್ರವನ್ನು ಮೊದಲು ಅವಳಿಗೇ ಓದಿ ಹೇಳಿದೆ. ಎರಡು ಸಾಲು ಹೊಡೆದುಹಾಕಿಸಿದಳು.

"ಉಳಿದದ್ದು ಇರ್ಲಿ" ಎಂದಳು. "ಆದ್ರೆ ಕೆಳಗೆ ಪೂರ್ತಿ ಹೆಸ್ರು ಬರೀರಿ. ಶಾಲೆ ಸಮೇತ."

ಇಂತಿ,
ಹತ್ತು ವರ್ಷ ತಡವಾಗಿ,
ಮೇಬಲ್ ಥ್ರೆಲ್‌ಫಾಲ್
ಗಣಿತದ ಟೀಚರ್, ಮಿಲ್ ಲೇನ್ ಬಾಲಕಿಯರ ಶಾಲೆ