ಅವರವರ ದವಡೆ

ಜೂನ್ 3, ಸೋಮವಾರ

ಬೀಗ ತೆಗೆದೆ, ಕಿಟಕಿ ತೆರೆದೆ. ಅನಾಟಮಿ ಮ್ಯೂಸಿಯಂನ ಹದಿನೆಂಟು ತಲೆಬುರುಡೆಗಳಿಗೂ ಇವತ್ತು ಸ್ನಾನ. ಹೊಸ ದ್ರಾವಣ. ಕೆಳದವಡೆಗಳಿಗೆ ಬೇರೆ ಬಕೆಟ್. ಎಲ್ಲ ಹಾಲಿನಂತೆ ಬೆಳ್ಳಗಾದವು. ಖುಷಿಯಾಯಿತು.

ಸಂಜೆ ನೋಡಿದರೆ — ಜೋಡಿ ಗುರುತಿಗೆ ಬರೆದಿದ್ದ ನಂಬರುಗಳೂ ಹೋಗಿವೆ! ಬುರುಡೆಯವೂ, ದವಡೆಯವೂ. ಈಗ ಯಾರ ದವಡೆ ಯಾರದೋ. ಇಪ್ಪತ್ತೇಳು ವರ್ಷದ ಸರ್ವಿಸಿನಲ್ಲಿ ಇಂಥ ಎಡವಟ್ಟು ಮಾಡಿದವಳಲ್ಲ.

ಜೂನ್ 4

ಎಚ್‌ಓಡಿ ಸಾಹೇಬರಿಗೆ ಹೇಳಿದೆ. ಬೈಯಲಿಲ್ಲ. ಬೈದಿದ್ದರೇ ವಾಸಿಯಿತ್ತು. ಪೇಪರ್‌ವೇಟ್ ಮಾಡಿಕೊಂಡಿರುವ ಹಳೆಯ ದವಡೆಯನ್ನು ಮೇಜಿನ ಮೇಲೆ ತಿರುಗಿಸುತ್ತಾ ಕೂತರು.

"ಮುಂದಿನ ಬುಧವಾರ ಇನ್‌ಸ್ಪೆಕ್ಷನ್. ಬಾಯಿ ಕೂಡದ ಬುರುಡೆ ಇಟ್ಕೊಂಡು ಏನು ಕಲಿಸೋದು? ಗೋದಾಮಿಗೆ ಹಾಕ್ಬಿಡಿ. ಪ್ಲಾಸ್ಟಿಕ್ ತರಿಸ್ತೀನಿ."

"ನಾನು ಜೋಡಿಸ್ತೀನಿ ಸರ್."

"ಅದೇನು ಪಾತ್ರೆಗೆ ಮುಚ್ಚಳ ಹುಡುಕಿದ ಹಾಗಾ ಅಮ್ಮ?"

ಮೈಯೆಲ್ಲ ಉರಿಯಿತು. ಇದೇ ಬುರುಡೆಗಳನ್ನು ಹಿಡಿದು ಓದಿ ಪಾಸಾದವರು ಇವರು. ಕೈಗೆ ಕೊಟ್ಟವಳೇ ನಾನು.

ಜೂನ್ 7

ಕೂಡಿದ್ದು ಬರೀ ನಾಲ್ಕು. ಕೀಲು ಕೂತರೆ ಹಲ್ಲು ಸೇರುವುದಿಲ್ಲ, ಹಲ್ಲು ಸೇರಿದರೆ ಕೀಲು ಎದ್ದು ನಿಲ್ಲುತ್ತದೆ.

ಊಟಕ್ಕೆ ಕೂತಾಗ ಅತ್ತೆಯ ಬಾಯಿಯನ್ನೇ ನೋಡುತ್ತಿದ್ದೆ.

"ಏನೇ, ನನ್ನ ತುತ್ತು ಎಣಿಸ್ತಿದ್ದೀಯಾ?"

"ನೀವು ಎಡಗಡೆಯಲ್ಲೇ ಯಾಕೆ ಅಗಿಯೋದು ಅತ್ತೆ?"

"ಹುಟ್ಟಿದಾಗಿನ ಅಭ್ಯಾಸ ಕಣೇ. ಆ ಕಡೆ ಎಲ್ಲ ಸವೆದು ಹೋಗಿದೆ, ಈ ಕಡೆ ಹೊಸದಾಗೇ ಇದೆ ನೋಡು." ಬಾಯಿ ತೆರೆದು ತೋರಿಸಿದರು.

ಸವೆತ! ಮೇಲಿನ ಹಲ್ಲು ಎಲ್ಲಿ ಸವೆದಿದೆಯೋ ಕೆಳಗಿನದೂ ಅಲ್ಲೇ... ಕೈ ತೊಳೆಯುವುದನ್ನೂ ಮರೆತೆ.

ಜೂನ್ 11

ಹದಿನೇಳು ಕೂಡಿವೆ! ಒಂದೊಂದು ಕೂತಾಗಲೂ ಮೈ ಜುಮ್ಮೆಂದಿತು. ದೇಹವನ್ನೇ ಕೊಟ್ಟು ಹೋದವರು. ಅವರ ಬಾಯಾದರೂ ಅವರಿಗಿರಬೇಡವೇ?

ಕೊನೆಯದು ಒಪ್ಪುತ್ತಿಲ್ಲ. ಬುರುಡೆಯ ಬಲಗಡೆ ಹಲ್ಲುಗಳು ಓರೆಯಾಗಿ ಸವೆದಿವೆ. ಉಳಿದಿರುವ ದವಡೆಯಲ್ಲಿ ಅದೇ ಕಡೆಯವು ಚೂಪು. ಇದು ನನ್ನ ಬಕೆಟ್ಟಿನ ತಪ್ಪಲ್ಲ. ಯಾರೋ ಎಂದೋ ಬದಲಿಸಿಟ್ಟಿದ್ದಾರೆ. ನಂಬರ್ ನೋಡಿ ನಾವೂ ನಂಬಿದ್ದೆವು.

ಜೂನ್ 12

ಗೆದ್ದೆ!

ಇನ್‌ಸ್ಪೆಕ್ಷನ್ ಮೇಡಂ ಒಂದೊಂದೇ ದವಡೆ ಆಡಿಸಿ ನೋಡಿದರು. ಹದಿನೇಳು ಸರಿ. "ಇದೊಂದು ಕೂಡ್ತಿಲ್ವಲ್ಲ?"

ಸಾಹೇಬರ ಮುಖ ನೋಡಿದೆ. ಬೆವರು. ಕಣ್ಣು ಮಾತ್ರ ಪದೇ ಪದೇ ತಮ್ಮ ಕೋಣೆಯ ಕಡೆಗೆ... ತಟ್ಟನೆ ಹೊಳೆಯಿತು. ಆ ಪೇಪರ್‌ವೇಟ್! ದಿನಾ ಒರೆಸುವವಳು ನಾನೇ, ಹಲ್ಲು ನೋಡಿರಲಿಲ್ಲ. ಓಡಿಹೋಗಿ ತಂದು ಕೂರಿಸಿದೆ. ಕಟಕ್! ಓರೆಗೆ ಓರೆ, ಕೂದಲೆಳೆಯಷ್ಟೂ ಸಂದಿಲ್ಲ.

"ಇಷ್ಟು ದಿನ ಎಲ್ಲಿತ್ತು ಇದು?"

ಸಾಹೇಬರೇ ಹೇಳಿದರು: "ನನ್ನ ಹತ್ರ. ಸ್ಟೂಡೆಂಟ್ ಆಗಿದ್ದಾಗ ಬೀಳಿಸಿ ಬಿರುಕು ಬಿಡಿಸಿದೆ. ಈ ಅಮ್ಮ ಬೈತಾರೆ ಅಂತ ಹೆದರಿ, ಓದೋಕೆ ಕೊಂಡಿದ್ದ ನನ್ನ ಸ್ವಂತ ಮೂಳೆ ಸೆಟ್ಟಿನ ದವಡೆಗೆ ನಂಬರ್ ಬರೆದು ಇಟ್ಬಿಟ್ಟೆ."

ಮೇಡಂ ನಕ್ಕರು. ಪ್ಲಾಸ್ಟಿಕ್ ರದ್ದು. "ಹಲ್ಲು ಓದೋದನ್ನ ಮಕ್ಕಳಿಗೆ ಇವರೇ ಕಲಿಸ್ಲಿ," ಎಂದರು ನನ್ನ ಕಡೆ ಕೈ ತೋರಿಸಿ.

ಜೂನ್ 13, ಬೆಳಿಗ್ಗೆ 9, ಮ್ಯೂಸಿಯಂನಲ್ಲೇ

ನಂಬರ್ ಬರೆದಾಯಿತು. ಈ ಸಲ ಮೇಲೆ ಮಗಳ ಬಣ್ಣವಿಲ್ಲದ ನೇಲ್ ಪಾಲಿಶ್. ಸಾಹೇಬರು ಪಕ್ಕದಲ್ಲಿ ಕೂತು ಊದಿ ಊದಿ ಒಣಗಿಸುತ್ತಿದ್ದಾರೆ. ಹದಿನೆಂಟನೆಯದಕ್ಕೆ ಪೆನ್ನು ಅವರೇ ಕೇಳಿದರು. ಕೊಟ್ಟೆ. ಬೈಯಲೂ ಇಲ್ಲ.

ಬಾಗಿಲಲ್ಲಿ ಮಕ್ಕಳು ಬಂದು ನಿಂತಿದ್ದಾರೆ. ಯಾರೋ "ಮೇಡಂ, ಒಳಗೆ ಬರ್ಬಹುದಾ?" ಎನ್ನುತ್ತಿದ್ದಾರೆ. ತಿರುಗಿ ನೋಡಿದೆ, ಹಿಂದೆ ಯಾವ ಮೇಡಮ್ಮೂ ಇಲ್ಲ. ನನ್ನನ್ನೇ—