ಒದ್ದೆ ಟವೆಲ್

ಬಂದರಿನಿಂದ
೧೯ ಜೂನ್ ೨೦೦೬

ಶಿಗೆಹಾರು ಅವರಿಗೆ,

ಮಳೆಗಾಲದ ಕುಶಲ ಕೇಳಿ ಕಾಗದ ಶುರು ಮಾಡಬೇಕು. ಈ ಸಲ ಕೇಳುವ ಮನಸ್ಸಿಲ್ಲ. ಮಗಳು ಮಿನೋರಿಯನ್ನು ಕರೆದುಕೊಂಡು ಟೋಕಿಯೋಗೆ, ಅಕ್ಕನ ಮನೆಗೆ ಹೊರಟಿದ್ದೇನೆ. ಕರೆಯಲು ಬರಬೇಡಿ.

ಬೆಟ್ಟ ಬೆಂಕಿ ಉಗುಳಿ ಖಾಲಿಯಾಗಿದ್ದ ದ್ವೀಪ ಮತ್ತೆ ತೆರೆದಾಗ ನೀವು ಮೊದಲೇ ಬಂದಿರಿ. ಬೆಟ್ಟ ಇನ್ನೂ ಕಾರುವ ಗಂಧಕದ ಅನಿಲ ಅಳೆಯುವ ಕೆಲಸವೂ ಸಿಕ್ಕಿತು. ಮಗಳಿಗೆ ಉಬ್ಬಸ, ನಾವು ಬರಲಾರೆವು ಎಂದೆ. "ನಮ್ ಕೇರಿ ಗಾಳಿ ಈಗ ಚೊಕ್ಕ ಕಣೇ. ಅಳೆಯೋನೇ ನಾನು, ನನ್ ಮಾತು ನಂಬಲ್ವಾ?" ಎಂದು ಫೋನಿನಲ್ಲಿ ನಕ್ಕಿರಿ. ನಂಬಿದೆ. ಗಂಡನ ಮಾತೆಂದಲ್ಲ, ಅಳೆಯುವವನ ಮಾತೆಂದು.

ದಿನಾ ಬೆಳಿಗ್ಗೆ ಕಂಬದ ಮೈಕಿನಲ್ಲಿ ನಿಮ್ಮದೇ ದನಿ: "ಇಸೋನೆ ಕೇರಿ, ಅನಿಲ ಇಲ್ಲ, ಮುಖವಾಡ ಬೇಕಿಲ್ಲ." ಇತ್ತ ಬಟ್ಟೆಯ ಕ್ಲಿಪ್ಪುಗಳು ವಾರದಲ್ಲೇ ತುಕ್ಕು ಹಿಡಿದವು. ಅಂಗಳದ ಅಸಾಗಾವೋ ಹೂಬಳ್ಳಿಯ ಎಲೆಗಳಿಗೆ ಬಿಳಿ ಮಚ್ಚೆ ಬಿತ್ತು. ಮಗಳು ಮಲಗಲಾರದೆ ಕೂತೇ ನಿದ್ದೆ ಮಾಡತೊಡಗಿದಳು. ಕೇಳಿದರೆ ಸಮುದ್ರದ ಉಪ್ಪುಗಾಳಿ ಎಂದಿರಿ. ಪಕ್ಕದ ಮನೆಯ ಉಮೆ ಅಜ್ಜಿ ಮಾತ್ರ, "ನಿನ್ ಗಂಡ ಇಲ್ಲ ಅಂತಾನೆ, ನನ್ ಮೂಗು ಇದೆ ಅನ್ನುತ್ತೆ. ಯಾರಿಗೆ ಬೈಲಿ ಹೇಳು?" ಎಂದರು.

ಇಂದು ನಿಮ್ಮ ಘೋಷಣೆ ಮುಗಿದ ಮೇಲೆ ಶಾಲೆಯ ಹಿಂದಿನ ದಿಬ್ಬಕ್ಕೆ ಹೋಗಿ ಅಳತೆಯ ಪೆಟ್ಟಿಗೆ ನೋಡಿದೆ. ಗಾಳಿ ಎಳೆಯುವ ಕೊಳವೆಯ ಬಾಯಿಗೆ ಒದ್ದೆ ಟವೆಲ್ ಸುತ್ತಿತ್ತು. ಬಟ್ಟೆ ಒಣಹಾಕುವ ತಂತಿಯಿಂದ ಕಾಣೆಯಾಗಿದ್ದ ನನ್ನ ನೀಲಿ ಟವೆಲ್. ಮುಖವಾಡ ಸಿಗದಿದ್ದರೆ ಒದ್ದೆ ಟವೆಲ್ ಮೂಗಿಗೆ ಹಿಡಿ, ವಿಷವನ್ನು ನೀರು ಹೀರಿಕೊಳ್ಳುತ್ತದೆ ಎಂದು ಇಲ್ಲಿನ ಮಕ್ಕಳಿಗೂ ಗೊತ್ತು. ಮಗಳ ಮೂಗಿಗೆ ಹಿಡಿಯಬೇಕಾದದ್ದನ್ನು ಯಂತ್ರದ ಮೂಗಿಗೆ ಕಟ್ಟಿದಿರಲ್ಲ!

ಅನಿಲವಿರುವ ಕೇರಿಯಲ್ಲಿ ಉಬ್ಬಸದವರು ಇರುವಂತಿಲ್ಲವೆಂಬುದು ಇಲ್ಲಿನ ನಿಯಮ. ನಾವು ಜೊತೆಗಿರಲಿ ಎಂಬ ಆಸೆಗೇ ಮಾಡಿದಿರಿ, ಗೊತ್ತು. ಹೊರಗಿನವರು ಮೋಸ ಮಾಡಿದ್ದರೆ ಬೈದು ಮರೆಯುತ್ತಿದ್ದೆ. ನೀವು ನಂಬಿಸಿ ಕತ್ತು ಕೊಯ್ದಿರಿ.

ಟವೆಲ್ ಬಿಚ್ಚಿ ತಂದಿದ್ದೇನೆ. ನಾಳೆ ಬೆಳಿಗ್ಗೆ ಇದ್ದದ್ದನ್ನು ಇದ್ದಂತೆ ಓದಿ. ಈ ಕಾಗದ ತಲುಪಿಸುವ ಉಮೆ ಅಜ್ಜಿಯಾದರೂ ಮುಖವಾಡ ಹಾಕಿಕೊಳ್ಳಲಿ.

ನಿಮ್ಮ ಮಾತು ನಂಬಿ ಬಂದಿದ್ದ,
ಚಿಜುರು

ತಾ.ಕ.: ಹಡಗಿನ ಸೀಟಿ ಕೇಳಿ ಮಿನೋರಿ ಅಳುತ್ತಿದ್ದಾಳೆ. "ಇನ್ಮೇಲೆ ಪೆಟ್ಟಿಗೆ ಟವೆಲ್ಲಿಗೆ ನೀರು ಯಾರಮ್ಮಾ ಹಾಕ್ತಾರೆ?" ಎನ್ನುತ್ತಾಳೆ. ಶಾಲೆ ಬಿಟ್ಟ ಮೇಲೆ ದಿನಾ ಅದನ್ನು ಒದ್ದೆ ಮಾಡಿದರೆ ಮೂವರೂ ಒಂದೇ ಮನೆಯಲ್ಲಿರಬಹುದು ಎಂದು ನೀವು ಹೇಳಿದ್ದಿರಂತೆ. ಅಲ್ಲಿಗೆ ಹೋಗುವಾಗ ಮುಖವಾಡ ಹಾಕಿಕೊಳ್ಳುತ್ತಿದ್ದೆಯಾ ಎಂದು ಕೇಳಿದೆ. "ಬೇಕಿಲ್ಲ ಅಂತ ಅಪ್ಪನೇ ಮೈಕಲ್ಲಿ ಹೇಳ್ತಿದ್ರಲ್ಲಮ್ಮಾ" ಎಂದಳು.